ಕತ್ತಲೆಕೋಣೆಯ ಸಾಧಕ ಬಾಧಕ

ಫೆಬ್ರವರಿ 3, ಮಂಗಳವಾರ

ಬೆಳಿಗ್ಗೆ ಕೋಣೆಯ ಬೀಗ ತೆಗೆದರೆ ಬಾಗಿಲ ಸಂದಿಯಿಂದ ಯಾರೋ ತೂರಿಸಿ ಹೋದ ಕಾಗದ ಕಾಲಿಗೆ ಸಿಕ್ಕಿತು. ಸೂಪರಿಂಟೆಂಡೆಂಟರ ಸಹಿ. “ಆಸ್ಪತ್ರೆಯ ಛಾಯಾಚಿತ್ರ ವಿಭಾಗವನ್ನು ಡಿಜಿಟಲ್ ಪದ್ಧತಿಗೆ ಬದಲಾಯಿಸುವುದರ ಸಾಧಕ ಬಾಧಕಗಳನ್ನು ಕುರಿತು ತಿಂಗಳ ಕೊನೆಯೊಳಗೆ ವರದಿ ಸಲ್ಲಿಸತಕ್ಕದ್ದು.”

ವಿಭಾಗ ಎನ್ನುವುದು ದೊಡ್ಡ ಮಾತಾಯಿತು. ನೆಲಮಾಳಿಗೆಯಲ್ಲಿ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಕತ್ತಲೆಕೋಣೆ, ಎರಡು ಕ್ಯಾಮೆರಾ ಮತ್ತು ನಾನು. ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಕಾಯಿಲೆಗಳ ಫೋಟೋ ತೆಗೆಯುತ್ತಿದ್ದೇನೆ. ಹುಣ್ಣು, ಊತ, ಸೊಟ್ಟಗಾದ ಮೂಳೆ, ಹುಟ್ಟುವಾಗಲೇ ಸೀಳಿದ ತುಟಿ. ಬೇರೆಯವರು ಎರಡನೇ ಸಲ ನೋಡಲು ಹಿಂಜರಿಯುವುದನ್ನು ನಾನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೂರು ಕಡೆಯಿಂದ ತೆಗೆದು, ಫಿಲಂ ತೊಳೆದು, ಪ್ರಿಂಟು ಹಾಕಿ, ಕೇಸಿನ ಫೈಲಿಗೆ ಸೇರಿಸುತ್ತೇನೆ. ನನ್ನ ಫೋಟೋ ಯಾರ ಮನೆಯ ಗೋಡೆಯ ಮೇಲೂ ಇಲ್ಲ.

ಸಂಜೆ ಮನೆಯಲ್ಲಿ ಇವಳಿಗೆ ಕಾಗದದ ವಿಷಯ ಹೇಳಿದೆ. “ನಿಮ್ಮನ್ನ ಕೇಳಿದ್ದಾರಲ್ಲ, ಅದೇ ದೊಡ್ಡದು ಬಿಡಿ. ನಮ್ಮ ಸ್ಕೂಲಲ್ಲಾದ್ರೆ ಒಂದಿನ ಬೆಳಿಗ್ಗೆ ಹೋಗಿ ನೋಡಿದ್ರೆ ಬೆಂಚೇ ಬದಲಾಗಿರುತ್ತೆ” ಎಂದಳು.

ಸಾಧಕಕ್ಕಿಂತ ಬಾಧಕವೇ ಹೆಚ್ಚೆಂದು ಎರಡು ಪುಟದಲ್ಲಿ ತೋರಿಸಿಬಿಡಬಹುದು. ಕಷ್ಟವೇನಲ್ಲ.


ಫೆಬ್ರವರಿ 5, ಗುರುವಾರ

ಗುರುವಾರ ಸುಟ್ಟಗಾಯದವರ ದಿನ. ಏಳು ಕೇಸು. ಒಂದು ಕೈ, ಎರಡು ಬೆನ್ನು, ಮೂರು ಕಾಲು, ಒಂದು ಮುಖ.

ಮುಖ ಎಂದರೆ ಲಾಂಡ್ರಿ ಕೇಸು, ಎಂಟನೇ ವಾರ. ಬಟ್ಟೆ ಇಸ್ತ್ರಿ ಮಾಡುವ ದೊಡ್ಡ ಲಾಂಡ್ರಿಯಲ್ಲಿ ಹಬೆಯ ಕೊಳವೆ ಬಾಯಿಬಿಟ್ಟು ಬಲಗೆನ್ನೆ, ಕಿವಿ, ಕತ್ತು, ಭುಜ ಸುಟ್ಟಿದ್ದವು. ತೊಡೆಯಿಂದ ತೆಗೆದು ಕಸಿ ಮಾಡಿದ ಚರ್ಮ ಚೆನ್ನಾಗಿ ಹಿಡಿದಿದೆ. ಅಂಚು ಮಾತ್ರ ಗಟ್ಟಿಯಾಗಿ ಉಬ್ಬಿದೆ. ಬಣ್ಣ ಹೋದ ವಾರಕ್ಕಿಂತ ಒಂದು ಗೆರೆ ತಿಳಿ.

ವಯಸ್ಸು ಮೂವತ್ತೊಂದು. ಪ್ರತಿ ಸಲವೂ ಅಕ್ಕನ ಜೊತೆ ಬರುತ್ತಾಳೆ, ಕುರ್ಚಿಯಲ್ಲಿ ಕೂರುತ್ತಾಳೆ, “ಆಯ್ತಾ?” ಎಂದು ಕೇಳುತ್ತಾಳೆ, ಹೋಗುತ್ತಾಳೆ. ಇವತ್ತು ಎದ್ದವಳು ಬಾಗಿಲಲ್ಲಿ ನಿಂತಳು.

“ಈ ಫೋಟೋ ಎಲ್ಲ ಎಲ್ಲಿಗೆ ಹೋಗುತ್ತೆ ಸಾರ್?”

“ಫೈಲಿಗೆ.”

“ಫೈಲಿಂದ?”

“ಎಲ್ಲೂ ಹೋಗಲ್ಲ.”

“ಒಳ್ಳೇದಾಯ್ತು” ಎಂದು ಹೊರಟಳು.

ಆಮೇಲೆ ವಾರ್ಡಿನ ಸಿಸ್ಟರ್ ಹೇಳಿದರು: ಆಕೆ ಇನ್ನೂ ತನ್ನ ಮುಖ ನೋಡಿಕೊಂಡಿಲ್ಲವಂತೆ. ವಾರ್ಡಿನಲ್ಲಿ ಕನ್ನಡಿ ಇಡುವುದಿಲ್ಲ. ಬಿಡುಗಡೆಯಾದ ಮೇಲೆ ಅಕ್ಕನ ಮನೆಯಲ್ಲಿದ್ದಾಳೆ, ಅಲ್ಲಿ ಕನ್ನಡಿಗೆ ಬಟ್ಟೆ ಕಟ್ಟಿದ್ದಾರೆ. ಐದು ವರ್ಷದ ಮಗಳು ಆಕೆಯ ಅತ್ತೆಯ ಹತ್ತಿರ ಇದ್ದಾಳೆ. ಅಮ್ಮ ಕೆಲಸದ ಮೇಲೆ ದೂರ ಹೋಗಿದ್ದಾಳೆ ಎಂದು ಆ ಮಗುವಿಗೆ ಹೇಳಿದ್ದಾರೆ.


ಫೆಬ್ರವರಿ 8, ಭಾನುವಾರ

ಇಡೀ ದಿನ ಪಟ್ಟಿ ಮಾಡಿದೆ.

ಡಿಜಿಟಲ್ ಚಿತ್ರವನ್ನು ತಿದ್ದಬಹುದು. ತಿದ್ದಲು ಬರುವಂಥದ್ದು ದಾಖಲೆ ಹೇಗಾದೀತು? ಕಂಪ್ಯೂಟರ್ ಕೆಟ್ಟರೆ ಎಲ್ಲ ಒಟ್ಟಿಗೆ ಹೋಗುತ್ತದೆ. ನೆಗೆಟಿವ್‌ಗೆ ಕರೆಂಟು ಬೇಡ, ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು. ಕಸಿಯ ಅಂಚಿನ ಕೆಂಪು, ಸೋಂಕಿನ ಕೆಂಪು, ನಾಚಿಕೆಯ ಕೆಂಪು ಬೇರೆ ಬೇರೆ; ಕಪ್ಪು ಬಿಳುಪಿನಲ್ಲೂ ಅವನ್ನು ಬೇರೆ ಮಾಡಿ ತೋರಿಸಬಲ್ಲೆ. ಆ ಯಂತ್ರಕ್ಕೆ ಅದು ತಿಳಿಯುವುದಿಲ್ಲ.

ಮಗಳು ತನ್ನ ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಡುತ್ತೇನೆ ಎಂದಿದ್ದಳು. ಕರಡು ಓದಿ ನಕ್ಕಳು.

“ಅಪ್ಪ, ಬಾಧಕ ಹದಿನೇಳು, ಸಾಧಕ ಎರಡು. ಇದು ವರದಿ ಅಲ್ಲ, ದೂರು.”

“ಇರೋದನ್ನೇ ಬರೆದಿದ್ದೀನಿ.”

“ಆ ಎರಡರಲ್ಲೂ ಒಂದು ‘ಕೈ ವಾಸನೆ ಬರುವುದಿಲ್ಲ’ ಅಂತ ಇದೆ. ಇದು ಅಮ್ಮ ಹೇಳಿದ್ದಲ್ವಾ?”

ಹೌದು. ಫಿಲಂ ತೊಳೆಯುವ ಹೈಪೋ ದ್ರಾವಣದ ವಾಸನೆ ಸೋಪು ಹಾಕಿದರೂ ಬಿಡುವುದಿಲ್ಲ. ಇವಳು ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ.


ಫೆಬ್ರವರಿ 10, ಮಂಗಳವಾರ

ಕಂಪನಿಯವನು ಬಂದಿದ್ದ. ಟೈ ಕಟ್ಟಿದ ಹುರುಪಿನ ಮನುಷ್ಯ. ಪರೀಕ್ಷೆಗೆಂದು ಎರಡು ತಿಂಗಳ ಮಟ್ಟಿಗೆ ಒಂದು ಡಿಜಿಟಲ್ ಕ್ಯಾಮೆರಾ ಕೊಟ್ಟು ಹೋದ. ಅಂಗೈಯಷ್ಟಿದೆ. ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಪರದೆ. ಕಣ್ಣಿಗೆ ಒತ್ತಿ ನೋಡಬೇಕಿಲ್ಲ, ಕೈ ಚಾಚಿ ಹಿಡಿದರೆ ಎದುರಿಗಿರುವುದು ಅದರಲ್ಲೇ ಕಾಣುತ್ತದೆ.

ನಾನು ಬೇಡ ಎನ್ನುವಷ್ಟರಲ್ಲಿ ನನ್ನದೇ ಒಂದು ಫೋಟೋ ತೆಗೆದು ತೋರಿಸಿದ. ಗಲ್ಲದ ಕೆಳಗೆ ಚರ್ಮ ಜೋತಿದೆ, ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಇಳಿದಿದೆ. ಯಾವಾಗ ಆಯಿತೋ.

“ಇಷ್ಟ ಆಗ್ಲಿಲ್ವಾ ಸಾರ್? ಅಳಿಸಿಬಿಡೋಣ” ಎಂದು ಕಸದ ಬುಟ್ಟಿಯ ಗುರುತಿರುವ ಗುಂಡಿ ಒತ್ತಿದ. ನನ್ನ ಮುಖ ಹೋಯಿತು.

ಬಾಧಕ ಹದಿನೆಂಟು: ತೆಗೆದದ್ದನ್ನು ಯಾರು ಬೇಕಾದರೂ ಇಲ್ಲವಾಗಿಸಬಹುದು.


ಫೆಬ್ರವರಿ 12, ಗುರುವಾರ

ಇದನ್ನು ಬರೆಯಲೇಬೇಕು. ಬರೆಯದೆ ಇದ್ದರೆ ನಾಳೆಯಿಂದ ನಾನೇ ಬೇರೆ ಥರ ಹೇಳಿಕೊಳ್ಳಲು ಶುರುಮಾಡುತ್ತೇನೆ.

ಮೊದಲ ಐದು ಕೇಸನ್ನು ಎರಡೂ ಕ್ಯಾಮೆರಾದಲ್ಲಿ ತೆಗೆದೆ. ಆರನೆಯದು ಲಾಂಡ್ರಿಯವಳು. ಫಿಲಂನಲ್ಲಿ ಮೂರು ಕಡೆಯಿಂದ ತೆಗೆದು ಮುಗಿಸಿ, ಹೊಸದರಲ್ಲಿ ಎದುರಿನಿಂದ ಒಂದು ತೆಗೆದೆ. ಪಕ್ಕದಿಂದ ತೆಗೆಯುವ ಮೊದಲು ದೀಪ ಸರಿಸಬೇಕಿತ್ತು. ಕ್ಯಾಮೆರಾವನ್ನು ಪಕ್ಕದ ತಳ್ಳುಮೇಜಿನ ಮೇಲಿಟ್ಟು ದೀಪದ ಕಂಬಕ್ಕೆ ಕೈಹಾಕಿದೆ. ಇಪ್ಪತ್ತಾರು ವರ್ಷಗಳಿಂದ ಹಾಗೆಯೇ ಮಾಡಿದ್ದೇನೆ. ಕ್ಯಾಮೆರಾದ ಬೆನ್ನು ಯಾರ ಕಡೆ ತಿರುಗಿದೆ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಬೆನ್ನಲ್ಲಿ ಏನೂ ಇರುತ್ತಿರಲಿಲ್ಲ.

ಹಿಂದಿನಿಂದ ಆಕೆಯ ದನಿ ಬಂತು. “ಇದು ಯಾರು ಸಾರ್? ಅಯ್ಯೋ ಪಾಪ, ಇವರಿಗೂ ಮುಖಾನೇ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ತಿರುಗಿದಾಗ ಆಕೆ ತಳ್ಳುಮೇಜಿನತ್ತ ಬಗ್ಗಿದ್ದಳು. ಬೆಂಕಿಪೊಟ್ಟಣದಷ್ಟು ಬೆಳಕು. ಅದರಲ್ಲಿ ಮುಖ, ಕತ್ತು, ಕತ್ತಿನ ಕೆಳಗೆ ಹಸಿರು ಅಂಗಿಯ ಪಟ್ಟಿ, ಪಟ್ಟಿಯಲ್ಲಿ ಒಂದು ಗುಂಡಿ ಬೇರೆ ಬಣ್ಣದ್ದು. ಆಕೆಯ ಕೈ ನಿಧಾನವಾಗಿ ತನ್ನ ಕತ್ತಿನ ಹತ್ತಿರ ಹೋಗಿ ಆ ಗುಂಡಿಯನ್ನು ಮುಟ್ಟಿತು.

ನಾನು ಹಾರಿ ಕ್ಯಾಮೆರಾ ತೆಗೆದುಕೊಂಡೆ. ಯಾವ ಗುಂಡಿ ಒತ್ತಿದರೆ ಆರುತ್ತದೆ ಎಂದು ತಿಳಿಯದೆ ಅಂಗೈಯಿಂದ ಮುಚ್ಚಿದೆ. ಮುಚ್ಚಿ ನಿಂತೆ. ಆಕೆ ಅಳಲಿಲ್ಲ, ಕೂಗಲಿಲ್ಲ. ಅಕ್ಕನನ್ನು ಕರೆದು “ಹೋಗೋಣ” ಎಂದಳು. ಏಳನೆಯವನು ಸರದಿಯಲ್ಲಿದ್ದ. ಅವನ ಕಾಲಿನ ಫೋಟೋ ತೆಗೆದೆ. ಅಲ್ಲಾಡಿದೆ.


ಫೆಬ್ರವರಿ 13, ಶುಕ್ರವಾರ

ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೇರೆ ಏನೂ ಇಲ್ಲ.


ಫೆಬ್ರವರಿ 19, ಗುರುವಾರ

ಆಕೆ ಬರಲಿಲ್ಲ. ಹನ್ನೆರಡರವರೆಗೆ ಕಾದೆ, ಒಂದರವರೆಗೆ ಕಾದೆ.

ಸುಟ್ಟಗಾಯದ ಡಾಕ್ಟರಮ್ಮನ ಬಳಿ ಹೋಗಿ ಕೇಳಿದೆ. ಕತ್ತಿನ ವ್ಯಾಯಾಮಕ್ಕೂ ಬರಲಿಲ್ಲವಂತೆ. “ಕಸಿ ಮಾಡಿದ ಚರ್ಮ ಸುಮ್ನಿರಲ್ಲ, ಎಳೆಯುತ್ತೆ” ಎಂದರು. “ದಿನಾ ಕತ್ತು ಎತ್ತಿ ಹಿಗ್ಗಿಸ್ತಾ ಇರ್ಬೇಕು. ಬಿಟ್ರೆ ಗಲ್ಲ ಎದೆ ಕಡೆ ಇಳ್ಕೊಂಡು ಬರುತ್ತೆ. ಆಮೇಲೆ ಮತ್ತೆ ಕತ್ತರಿಸಿ ಮೊದಲಿಂದ ಶುರು. ಯಾಕೆ ಬರ್ತಿಲ್ಲ ಅಂತ ನಿಮಗೇನಾದ್ರೂ ಗೊತ್ತಾ?”

ಹೇಳಿದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು, “ಹೂಂ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸಿಸ್ಟರ್ ಹೊರಗೆ ಸಮಾಧಾನ ಹೇಳಿದರು. “ಒಂದಲ್ಲ ಒಂದಿನ ನೋಡ್ಲೇಬೇಕಿತ್ತಲ್ಲ. ನೀವ್ಯಾಕೆ ತಲೆ ಕೆಡಿಸ್ಕೋತೀರಿ?” ನಿಜ. ಆದರೆ ಆ ಒಂದು ದಿನ ಯಾವುದು ಎಂದು ಆರಿಸುವುದು ಆಕೆಗೆ ಸೇರಿದ್ದು. ಆ ದಿನ ಯಾರು ಪಕ್ಕದಲ್ಲಿರಬೇಕು ಎಂಬುದೂ ಆಕೆಗೇ ಸೇರಿದ್ದು. ನನ್ನ ತಳ್ಳುಮೇಜು ಅದನ್ನು ಕಿತ್ತುಕೊಂಡಿತು.


ಫೆಬ್ರವರಿ 21, ಶನಿವಾರ

ಮಧ್ಯಾಹ್ನ ಕತ್ತಲೆಕೋಣೆಯಲ್ಲಿ ಆಕೆಯ ನೆಗೆಟಿವ್‌ಗಳನ್ನೆಲ್ಲ ತೆಗೆದು ಎದುರಿನಿಂದ ತೆಗೆದ ಒಂಬತ್ತನ್ನು ಮತ್ತೆ ಪ್ರಿಂಟು ಹಾಕಿದೆ. ವಾರಕ್ಕೊಂದರಂತೆ ಒಂಬತ್ತು ಮುಖ ಕೆಂಪು ದೀಪದ ಕೆಳಗೆ ತಟ್ಟೆಯ ನೀರಿನಿಂದ ಮೇಲೆ ಬಂದವು. ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ಒಣಹಾಕಿದೆ.

ಇಷ್ಟು ದಿನ ಗಾಯದ ಅಂಚು ನೋಡುತ್ತಿದ್ದೆ. ಇವತ್ತು ಕಂಡದ್ದು: ಮೊದಲ ಮೂರರಲ್ಲಿ ಆಕೆ ಎಲ್ಲೂ ನೋಡುತ್ತಿಲ್ಲ. ನಾಲ್ಕನೆಯದರಲ್ಲಿ ಛಾವಣಿ. ಆರನೆಯದರಿಂದ ನೇರ ಲೆನ್ಸು. ಒಂಬತ್ತನೆಯದರಲ್ಲಿ ತುಟಿಯ ಎಡತುದಿ ಏನೋ ಕೇಳುವವರ ಹಾಗೆ ಸ್ವಲ್ಪ ತೆರೆದಿದೆ. ಬಹುಶಃ “ಆಯ್ತಾ?” ಎನ್ನುತ್ತಿದ್ದಳು.

ಒಂಬತ್ತನ್ನೂ ಒಟ್ಟಿಗೆ ನೋಡಿದರೆ ಎಷ್ಟು ವಾಸಿಯಾಗಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಆಕೆ ನೋಡಿದ್ದು ಕೊನೆಯದನ್ನು ಮಾತ್ರ. ಹಿಂದಿನ ಎಂಟನ್ನು ನೋಡದವರಿಗೆ ಕೊನೆಯದು ಭಯಂಕರವಾಗಿಯೇ ಕಾಣುತ್ತದೆ.

ಫೈಲಿನ ಚಿತ್ರ ಹೊರಗೆ ಹೋಗಬಾರದು ಎಂಬ ನಿಯಮ ನನಗೆ ಬಾಯಿಪಾಠ. ಲಕೋಟೆಗೆ ಹಾಕಿ ಚೀಲದಲ್ಲಿಟ್ಟುಕೊಂಡೆ.


ಫೆಬ್ರವರಿ 22, ಭಾನುವಾರ

ಸಿಸ್ಟರ್ ಕೊಟ್ಟ ವಿಳಾಸ ಹಿಡಿದು ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಹೊರಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಅಕ್ಕ ಬಾಗಿಲು ತೆಗೆದು ನನ್ನನ್ನು ಗುರುತಿಸದೆ ಒಂದು ಕ್ಷಣ ನೋಡಿದರು. ನೆಲಮಾಳಿಗೆಯ ಹೊರಗೆ ನಾನು ಬೇರೆ ಥರ ಕಾಣುತ್ತೇನೋ ಏನೋ.

ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. “ಫೋಟೋದವರು ಬಂದಿದ್ದಾರೆ ಕಣೇ” ಎಂದು ಅಕ್ಕ ಕೂಗಿದರು.

“ಒಂಬತ್ತು ವಾರ ನೋಡಿದ್ರಿ” ಎಂದಳು ಒಳಗಿನಿಂದ. “ವಾರ ವಾರ ಹತ್ತಿರ ಬಂದು ನೋಡಿದ್ರಿ. ಒಂದಿನಾನಾದ್ರೂ ಏನಾದ್ರೂ ಹೇಳ್ಬೋದಿತ್ತಲ್ಲ.”

“ಹೇಳೋದು ನನ್ನ ಕೆಲಸ ಅಲ್ಲಮ್ಮ. ಡಾಕ್ಟ್ರು ಹೇಳ್ತಾರೆ ಅಂತ…”

“ಡಾಕ್ಟ್ರು ಚರ್ಮ ಚೆನ್ನಾಗಿ ಹಿಡಿದಿದೆ ಅಂದ್ರು. ನಾನು ಮುಖ ಚೆನ್ನಾಗಿದೆ ಅಂತ ತಿಳ್ಕೊಂಡೆ.”

ಕತ್ತಿನ ವ್ಯಾಯಾಮ ಬಿಡಬೇಡಿ ಎಂದೆ. ಚಿತ್ರಗಳನ್ನು ಮೊದಲನೆಯದರಿಂದ ಕ್ರಮವಾಗಿ ನೋಡಿ ಎಂದೆ. “ಅಲ್ಲಿಟ್ಟು ಹೋಗಿ ಸಾರ್” ಎಂದಳು. ಲಕೋಟೆಯನ್ನು ಅಕ್ಕನ ಕೈಗೆ ಕೊಟ್ಟು ಮೆಟ್ಟಿಲಿಳಿದೆ.

ಮನೆಗೆ ಬಂದರೆ ಇವಳು ತಟ್ಟೆ ಹಾಕಿದಳು. ಬಡಿಸುತ್ತಾ “ನೀವು ಯಾವತ್ತೂ ಒಬ್ಬ ರೋಗಿಯ ಮನೆಗೆ ಹೋದವರಲ್ಲ” ಎಂದಳು. ಇದೊಂದೇ ಸಲ, ನನ್ನ ತಪ್ಪಿಗೆ ಎಂದೆ.


ಫೆಬ್ರವರಿ 24, ಮಂಗಳವಾರ

ಫಿಲಂ ತರಲು ಆಸ್ಪತ್ರೆಯ ಸ್ಟೋರಿಗೆ ಹೋಗಿದ್ದೆ. ಮೂಲೆಯಲ್ಲಿ ಹೊಸ ಪೆಟ್ಟಿಗೆಗಳು, ಮೇಲೆ ಕ್ಯಾಮೆರಾ ಚಿತ್ರ. ಸ್ಟೋರಿನ ಗುಮಾಸ್ತ ಹಲ್ಲು ಕಿಸಿದ. “ನಿಮ್ಮವೇ ಸಾರ್. ಜನವರೀಲೇ ಬಂದ್ವು. ನಿಮಗೆ ಹೇಳಿಲ್ವಾ?”

ಜನವರಿಯಲ್ಲಿ ಕ್ಯಾಮೆರಾ ಬಂದಿದೆ. ಫೆಬ್ರವರಿಯಲ್ಲಿ ನನ್ನ ಅಭಿಪ್ರಾಯ ಕೇಳಿದ್ದಾರೆ.

ಮಗಳಿಗೆ ಹೇಳಿದೆ. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. “ಹಾಗಾದ್ರೆ ಟೈಪ್ ಮಾಡೋದು ಬೇಡ್ವಾ ಅಪ್ಪ?”

“ಮಾಡು. ಕೇಳಿದ್ದಾರೆ, ಕೊಡೋಣ.”


ಫೆಬ್ರವರಿ 27, ಶುಕ್ರವಾರ

ನಿನ್ನೆಯೂ ಆಕೆ ಬರಲಿಲ್ಲ.

ವರದಿ ಕೊಟ್ಟೆ. ಹದಿನೆಂಟು ಬಾಧಕದಲ್ಲಿ ಐದನ್ನಷ್ಟೇ ಉಳಿಸಿಕೊಂಡೆ. ಕೊನೆಯಲ್ಲಿ ಒಂದು ಮಾತು ಸೇರಿಸಿದೆ: ಚಿತ್ರ ಆ ಕ್ಷಣದಲ್ಲೇ ಕಾಣುವುದರಿಂದ, ರೋಗಿ ಅದನ್ನು ನೋಡುವುದೋ ಬೇಡವೋ ಎಂದು ಮೊದಲೇ ರೋಗಿಯನ್ನು ಕೇಳತಕ್ಕದ್ದು. ಇದು ಸಾಧಕವೋ ಬಾಧಕವೋ ತಿಳಿಯದೆ ಎರಡರ ನಡುವೆ ಬರೆದೆ.

ಸೂಪರಿಂಟೆಂಡೆಂಟರು ಮೊದಲ ಪುಟ ನೋಡಿ, ಎರಡನೆಯದನ್ನು ತಿರುವದೆ, ಸಹಿ ಹಾಕಿ ಮೇಜಿನ ಮೇಲಿನ ಬುಟ್ಟಿಗೆ ಹಾಕಿದರು. “ಅಚ್ಚುಕಟ್ಟಾಗಿದೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ ತಾನೇ? ಹೊಂದ್ಕೊಂಡು ಹೋಗಿ. ಕತ್ತಲೆಕೋಣೆ ಜಾಗ ಫಿಸಿಯೋಥೆರಪಿಯವರು ಕೇಳ್ತಿದ್ದಾರೆ.”

ಸರಿ ಸಾರ್ ಎಂದೆ.


ಮಾರ್ಚ್ 4, ಗುರುವಾರ

ಬಂದಳು.

ನನ್ನ ಲಕೋಟೆ ಕೆಲಸ ಮಾಡಿತು ಎಂದುಕೊಂಡೆ. ಆಕೆಯೇ ಹೇಳಿದಳು, ಹಾಗಲ್ಲ. ಮೊದಲನೆಯದನ್ನು ನೋಡಿದಳಂತೆ, ಎರಡನೆಯದನ್ನೂ ನೋಡಿದಳಂತೆ, ಮೂರನೆಯದಕ್ಕೆ ಬಂದಾಗ ಲಕೋಟೆ ಮುಚ್ಚಿಟ್ಟಳಂತೆ. ಬಂದದ್ದು ಬೇರೆ ಕಾರಣಕ್ಕೆ. ಬಟ್ಟೆ ಒಣಹಾಕಲು ತಲೆ ಎತ್ತಿದರೆ ತಂತಿ ಕಾಣುತ್ತಿಲ್ಲ. ಕತ್ತು ಮೇಲೆ ಬರುತ್ತಿಲ್ಲ. ಡಾಕ್ಟರಮ್ಮ ಪರೀಕ್ಷಿಸಿ ಎರಡು ಬೆರಳಿನಷ್ಟು ಹಿಂದೆ ಹೋಗಿದೆ ಎಂದರು. ವ್ಯಾಯಾಮದಿಂದ ಸರಿಹೋಗಬಹುದು, ಹೋಗದಿದ್ದರೆ ಮತ್ತೆ ಕತ್ತರಿಸಬೇಕು. ಮೂರು ವಾರ. ಆ ಎರಡು ಬೆರಳಿನ ಹೊಣೆ ನನ್ನದು.

ಫಿಲಂನಲ್ಲಿ ಮೂರು ಕಡೆಯಿಂದ ತೆಗೆದೆ. ಆಕೆಯ ಕಣ್ಣು ಕಪಾಟಿನ ಕಡೆ ಹೋಯಿತು.

“ಆ ಸಣ್ಣದು ಎಲ್ಲಿ?”

“ಬೇಡಮ್ಮ.”

“ತೆಗೀರಿ ಸಾರ್. ನನಗೆ ಒಂದು ಫೋಟೋ ಬೇಕು. ಫೈಲಿಗಲ್ಲ, ಮಗಳಿಗೆ ತೋರ್ಸೋಕೆ. ನೀವು ತೆಗೀರಿ, ನಾನು ನೋಡ್ತೀನಿ. ಬೇಡ ಅಂದ್ರೆ ಅಳಿಸ್ಬೇಕು.”

ಪರದೆಗೆ ನಾನು ಕಪ್ಪು ಟೇಪು ಅಂಟಿಸಿದ್ದೆ. “ಅದನ್ನೂ ಕಿತ್ತಾಕಿ” ಎಂದಳು.

ಗೋಡೆಗೆ ಹಾಕುವಂಥ ಫೋಟೋ ತೆಗೆಯುವುದು ನನಗೆ ಬರುವುದಿಲ್ಲ. ಹೀಗೆ ಕೂರಿ, ಹಾಗೆ ನೋಡಿ ಎಂದು ಹೇಳಲು ಮಾತೇ ಹೊಳೆಯಲಿಲ್ಲ. ಅಳತೆಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟೆ. ದೀಪವನ್ನು ದೂರ ಸರಿಸಿದೆ. ತೆಗೆದೆ, ತೋರಿಸಿದೆ. ಮೊದಲನೆಯದನ್ನು ಆಕೆ ಕಣ್ಣು ಮುಚ್ಚಿಕೊಂಡೇ ಅಳಿಸಿ ಎಂದಳು. ಎರಡನೆಯದನ್ನು ಒಂದು ಕಣ್ಣಲ್ಲಿ ನೋಡಿದಳು. ಅಳಿಸಿ. ಅಳಿಸಿ. ಐದನೆಯದಕ್ಕೆ “ನಮ್ಮಮ್ಮನ ಮೂಗು ಹಾಗೇ ಇದೆ” ಎಂದಳು ಅಕ್ಕನಿಗೆ. ಅದನ್ನೂ ಅಳಿಸಿದೆ. ಕಸದ ಬುಟ್ಟಿಯ ಗುಂಡಿಯನ್ನು ಹನ್ನೊಂದು ಸಲ ಒತ್ತಿದೆ.

ಹನ್ನೆರಡನೆಯದನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದಳು. ನೇರ ಎದುರಿನಿಂದ ತೆಗೆದದ್ದು. ಯಾವ ಕಡೆಯನ್ನೂ ಮರೆಸಿಲ್ಲ. “ಇದು ಇರಲಿ.”

ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಳು.


ಮಾರ್ಚ್ 6, ಶನಿವಾರ

ಕತ್ತಲೆಕೋಣೆಯಲ್ಲಿ ಆ ಹನ್ನೆರಡನೆಯದನ್ನು ಪ್ರಿಂಟು ಹಾಕಲು ಬರುವುದಿಲ್ಲ. ಬಸ್ ನಿಲ್ದಾಣದ ಹತ್ತಿರದ ಕಲರ್ ಲ್ಯಾಬಿಗೆ ಹೋಗಿ, ಅಲ್ಲಿಯ ಹುಡುಗಿಯ ಮುಂದೆ ಅಜ್ಞಾನಿಯಂತೆ ನಿಂತು, ಅವಳು ಹೇಳಿದ ಕಡೆ ಬೆರಳಿಟ್ಟು ಮಾಡಿಸಿದೆ. ಹತ್ತು ನಿಮಿಷ. ಹುಡುಗಿ ಪ್ರಿಂಟನ್ನು ತಲೆಕೆಳಗಾಗಿಟ್ಟು ಲಕೋಟೆಗೆ ಸೇರಿಸಿದಳು. “ಸರಿಯಾಗಿಟ್ಟು ಕೊಡಮ್ಮ” ಎಂದೆ. ಯಾಕೆ ಅಷ್ಟು ಗಟ್ಟಿಯಾಗಿ ಹೇಳಿದೆನೋ.


ಮಾರ್ಚ್ 11, ಗುರುವಾರ

ವ್ಯಾಯಾಮ ಮುಗಿಸಿಕೊಂಡು ಬಂದಳು. ಕತ್ತು ಅರ್ಧ ಬೆರಳು ಮೇಲೆ ಬಂದಿದೆ. ಕೂತಳು. ಅಕ್ಕನೇ ಹೇಳಿದರು.

ಸೋಮವಾರ ವ್ಯಾಯಾಮಕ್ಕೆ ಬಂದಾಗ ನಾನು ಕೊಟ್ಟ ಫೋಟೋವನ್ನು ಅವರೇ ತೆಗೆದುಕೊಂಡು ಹೋಗಿ ಮಗುವಿಗೆ ತೋರಿಸಿದ್ದಾರೆ. ಮಗು ನೋಡಿ “ಇದು ಯಾರು?” ಎಂದಿತಂತೆ. ಅಮ್ಮ ಎಂದರೆ ನಂಬಲಿಲ್ಲವಂತೆ. ಗೋಡೆಯ ಮೇಲಿದ್ದ ಮದುವೆಯ ಫೋಟೋ ತೋರಿಸಿ “ಅಮ್ಮ ಅದು” ಎಂದು ಹೇಳಿ ಆಡಲು ಹೋಯಿತಂತೆ.

ನಾನು ದೀಪದ ವೈರು ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ. ಆ ಫೋಟೋ ತೆಗೆದವನು ನಾನು. ಇನ್ನೂ ಚೆನ್ನಾಗಿ ತೆಗೆಯಬಹುದಿತ್ತೋ, ಎಷ್ಟು ಚೆನ್ನಾಗಿ ತೆಗೆದರೂ ಅಷ್ಟೇ ಇತ್ತೋ, ಗೊತ್ತಿಲ್ಲ.

“ಮುಂದಿನ ವಾರ ಮಗೂನ ಇಲ್ಲಿಗೇ ಕರ್ಕೊಂಡು ಬರ್ತಾರೆ” ಎಂದಳು ಆಕೆ ಕೊನೆಗೆ. “ಮನೇಲಿ ಅತ್ತರೆ ಅವಳು ಎಲ್ಲಿಗೆ ಓಡಿ ಹೋಗ್ಬೇಕು ಸಾರ್? ಇಲ್ಲಾದ್ರೆ ಮನೆಗೆ ವಾಪಸ್ ಹೋಗ್ಬೋದು. ನೀವಿರ್ತೀರಲ್ಲ?”

ಇರುತ್ತೇನೆ ಎಂದೆ. ಇದ್ದು ಏನು ಮಾಡುತ್ತೇನೆ ಎಂದು ನನಗೆ ಗೊತ್ತಿಲ್ಲ.


ಮಾರ್ಚ್ 15, ಸೋಮವಾರ

ಏಳು ವರ್ಷಕ್ಕಿಂತ ಹಳೆಯ ನೆಗೆಟಿವ್‌ಗಳನ್ನು ವಿಲೇವಾರಿ ಮಾಡಲು ಆದೇಶ. ಫಿಲಂನಿಂದ ಬೆಳ್ಳಿ ತೆಗೆಯುವವರು ಗೋಣಿಚೀಲ ತಂದಿದ್ದರು. ಹದಿನೆಂಟು ಸಾವಿರ ಲಕೋಟೆ. ಕೊಡುವುದಿಲ್ಲ ಎನ್ನಲು ನಾನು ಯಾರು? ಸಹಿ ಹಾಕಿದೆ.

ಅವರು ತುಂಬುತ್ತಿದ್ದಾಗ ಕೈಗೆ ಬಂದ ಒಂದನ್ನು ತೆಗೆದು ಬೆಳಕಿಗೆ ಹಿಡಿದೆ. ಸೀಳುತುಟಿಯ ಹಸುಗೂಸು, ಹಿಡಿದುಕೊಂಡಿರುವ ಹೆಂಗಸಿನ ಕೈಯಲ್ಲಿ ಒಂದು ಉಂಗುರ. ಇಪ್ಪತ್ತೆರಡು ವರ್ಷದ ಹಿಂದಿನದು. ಆ ಕೂಸಿಗೆ ಈಗ ನನ್ನ ಮಗಳಿಗಿಂತ ಹೆಚ್ಚು ವಯಸ್ಸಾಗಿರಬೇಕು. ಎಲ್ಲಿದೆಯೋ, ಯಾರೊಡನೆ ಮಾತಾಡುತ್ತಿದೆಯೋ. ಲಕೋಟೆಯ ಮೇಲೆ ನನ್ನ ಅಕ್ಷರದಲ್ಲಿ ನಂಬರ್ ಮಾತ್ರ ಇದೆ. ಹೆಸರು ಬರೆದುಕೊಳ್ಳಲು ಆಗ ಯಾಕೆ ತೋಚಲಿಲ್ಲ?

“ಸಾರ್, ಅದನ್ನೂ ಹಾಕಿ” ಎಂದ ಚೀಲ ಹಿಡಿದವನು. ಹಾಕಿದೆ.


ಮಾರ್ಚ್ 18, ಗುರುವಾರ

ಬೆಳಗಿನಿಂದ ಪಕ್ಕದ ಕತ್ತಲೆಕೋಣೆಯಲ್ಲಿ ತೊಟ್ಟಿ ಕೀಳುವ ಸದ್ದು. ನೆಗೆಟಿವ್ ಅನ್ನು ದೊಡ್ಡದು ಮಾಡಿ ಪ್ರಿಂಟು ಹಾಕುವ ಎನ್‌ಲಾರ್ಜರನ್ನು ಇಬ್ಬರು ಹೊತ್ತುಕೊಂಡು ಹೋದರು. ನಿಲ್ಲಿಸಿ ಎಂದು ಕೇಳಿಕೊಂಡೆ, ಒಂದು ಗಂಟೆ ಮಾತ್ರ, ಒಂದು ಮಗು ಬರುತ್ತದೆ ಎಂದೆ. ಮೇಲಿನವರು ಇವತ್ತೇ ಮುಗಿಸಲು ಹೇಳಿದ್ದಾರೆ ಎಂದರು.

ಆ ಗದ್ದಲದಲ್ಲೇ ದೊಡ್ಡಮ್ಮನ ಕೈಹಿಡಿದು ಮಗು ಬಂತು. ಎರಡು ಜಡೆ, ಸ್ವೆಟರಿನ ಗುಂಡಿ ಒಂದು ತೂತು ತಪ್ಪಿಸಿ ಹಾಕಿದೆ. ಆಕೆ ಆಗಲೇ ಕುರ್ಚಿಯಲ್ಲಿ ಕೂತಿದ್ದಳು. ಮಗು ಒಂದು ಸಲ ನೋಡಿತು. ದೊಡ್ಡಮ್ಮನ ಹಿಂದೆ ಹೋಗಿ ಮುಖ ಒತ್ತಿಕೊಂಡಿತು. ಪಕ್ಕದಲ್ಲಿ ಸುತ್ತಿಗೆ ಬಿತ್ತು, ಮಗು ಅಳಲು ಶುರುಮಾಡಿತು.

“ಬಾ ಮರಿ” ಎಂದು ಆಕೆ ಒಂದು ಸಲ ಕರೆದಳು. ಅಳು ಜೋರಾಯಿತು. ಆಕೆ ಮತ್ತೆ ಕರೆಯಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಳು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿದವರು ಇರುತ್ತಾರೆ. ನನಗೆ ತಿಳಿಯಲಿಲ್ಲ. ಅಳುವ ಮಗುವಿಗೆ ಬೀಗದ ಕೈ ಕೊಡುವ ಹಾಗೆ ಕೈಯಲ್ಲಿದ್ದ ಸಣ್ಣ ಕ್ಯಾಮೆರಾವನ್ನು ಅದರ ಮುಂದೆ ಹಿಡಿದೆ. ಅಷ್ಟೇ. ಪರದೆ ಹೊಳೆಯುತ್ತಿತ್ತು. ಅಳು ಸ್ವಲ್ಪ ತಗ್ಗಿ ಬಿಕ್ಕಾಯಿತು, ಆಮೇಲೆ ಕೈ ಬಂತು.

“ಇಲ್ಲಿ ಒತ್ತಿದ್ರೆ ಫೋಟೋ ಬರುತ್ತೆ” ಎಂದೆ.

ಮೊದಲು ನನ್ನ ಬೂಟಿನ ಫೋಟೋ ತೆಗೆಯಿತು. ಆಮೇಲೆ ದೊಡ್ಡಮ್ಮನ ಮೊಣಕಾಲು, ನೆಲ, ದೀಪದ ಕಂಬ. ಐದನೆಯದರಲ್ಲಿ ಬರೀ ಅದರ ಬೆರಳು. ಆರನೆಯದಕ್ಕೆ ಕ್ಯಾಮೆರಾ ಎತ್ತಿ ತಿರುಗಿತು. ದೂರದಲ್ಲಿ ಕುರ್ಚಿ, ಕುರ್ಚಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹೆಂಗಸು. ಮಗು ಪರದೆಯಿಂದ ಕಣ್ಣು ಕೀಳದೆ ನೋಡಿತು. ತಲೆಯೆತ್ತಿ ನಿಜವಾದದ್ದನ್ನು ನೋಡಲಿಲ್ಲ.

“ನಾನು ಸರಿಯಾಗಿ ಕಾಣ್ತಿದೀನಾ?” ಎಂದಳು ಆಕೆ ಕುರ್ಚಿಯಿಂದ.

ಮಗು ಗಕ್ಕನೆ ನಿಂತಿತು. ಪರದೆಯನ್ನು ಕಣ್ಣಿಗೆ ಹತ್ತಿರ ತಂದುಕೊಂಡಿತು.

“ಮಾತಾಡ್ಬೇಡ. ಅಲ್ಲಾಡ್ತಿದೀಯ” ಎಂದಿತು.

ಆಕೆ ಅಲ್ಲಾಡಲಿಲ್ಲ. ಉಸಿರನ್ನೂ ಹಿಡಿದಿದ್ದಳು. ಮಗು ಒಂದು ಹೆಜ್ಜೆ ಇಟ್ಟು ಒಂದು ತೆಗೆಯಿತು, ಇನ್ನೊಂದು ಹೆಜ್ಜೆ ಇಟ್ಟು ಇನ್ನೊಂದು. ಪಕ್ಕದಲ್ಲಿ ಕೊಳವೆ ಕತ್ತರಿಸುತ್ತಲೇ ಇದ್ದರು.

ಈಗ ಮನೆಯಲ್ಲಿ, ಕ್ಯಾಮೆರಾ ಮುಂದಿಟ್ಟುಕೊಂಡು, ಮಗಳು ತೋರಿಸಿಕೊಟ್ಟ ಹಾಗೆ ಒಂದೊಂದಾಗಿ ನೋಡಿದೆ. ಒಟ್ಟು ಹದಿನಾರು. ಎಲ್ಲ ಸೊಟ್ಟ, ಎಲ್ಲ ಮಸುಕು. ಏಳನೆಯದರಲ್ಲಿ ಆಕೆ ಪೂರ್ತಿ ಇದ್ದಾಳೆ, ಕಾಲಿನಿಂದ ತಲೆಯವರೆಗೆ. ಒಂಬತ್ತರಲ್ಲಿ ಸೊಂಟದಿಂದ ಮೇಲೆ. ಹನ್ನೊಂದರಲ್ಲಿ ಮುಖ, ಗಲ್ಲ ಕೆಳಗಿಳಿದಿದೆ. ಹದಿಮೂರರಲ್ಲಿ ಕೆನ್ನೆಯ ಉಬ್ಬಿದ ಅಂಚು ಮತ್ತು ಒಂದು ಕಣ್ಣು. ಹದಿನೈದರಲ್ಲಿ ಬರೀ ಕಣ್ಣು. ಹದಿನಾರರಲ್ಲಿ ಏನೆಂದೇ ತಿಳಿಯದ ಒಂದು ಕಂದು ಬಣ್ಣ, ಅಷ್ಟು ಹತ್ತಿರ.

ಅದರ ನಂತರ ಇಲ್ಲ. ಕ್ಯಾಮೆರಾ ಆಕೆಯ ಕುರ್ಚಿಯ ಬುಡದಲ್ಲಿ ನೆಲದ ಮೇಲಿತ್ತು; ಮಗುವಿಗೆ ಎರಡೂ ಕೈ ಬೇಕಾಗಿದ್ದವು. ನಾನೇ ಎತ್ತಿಕೊಂಡೆ.

ಫೈಲಿಗೆ ಬೇಕಾದ ಈ ವಾರದ ಚಿತ್ರ ಒಂದನ್ನೂ ತೆಗೆದಿಲ್ಲವೆಂದು ಈಗಷ್ಟೇ ನೆನಪಾಯಿತು. ಡಾಕ್ಟರಮ್ಮ ಕೇಳುತ್ತಾರೆ. ಬೆಳಿಗ್ಗೆ ಏನು ಹೇಳುವುದೋ.